ನೆಲ ಮುಟ್ಟದ ಚೆಂಡು

ಎಲ್ಲರಿಗೂ ನಮಸ್ಕಾರ. ಇವತ್ತು ಭಾನುವಾರ, ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಹಳಿ ದುರಸ್ತಿಗೆ ರೈಲು ಕಡಿಮೆ. ಆದರೂ ಮುಲುಂಡ್, ಠಾಣೆ, ಕಲ್ಯಾಣ ಕಡೆಯಿಂದ ಡೊಂಬಿವಲಿಯವರೆಗೆ ಬಂದು ಕೂತಿದ್ದೀರಿ. ಮುಂದಿನ ಸಾಲಿನಲ್ಲಿ ಶಾಲೆಯ ಮಕ್ಕಳೂ ಇದ್ದಾರೆ. ಅವರಲ್ಲಿ ಇಬ್ಬರು ಫುಟ್‌ಬಾಲ್ ಜೆರ್ಸಿಯಲ್ಲೇ ಬಂದಿದ್ದಾರೆ. ನೋಡಿ ತುಂಬಾ ಖುಷಿಯಾಯಿತು.

ಆಟದ ಬಗ್ಗೆ ಏನಾದರೂ ಮಾತಾಡಿ ಎಂದು ಸಂಘದವರು ಕೇಳಿದಾಗ ನಾನು ಒಬ್ಬನ ಬಗ್ಗೆ ಮಾತ್ರ ಮಾತಾಡುತ್ತೇನೆ ಎಂದೆ. ಅವನ ಹೆಸರು ರಾಬಿನ್ ಫ್ರೈಡೇ, ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ. ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಅವನು ಇಂಗ್ಲೆಂಡ್ ದೇಶದ ತಂಡಕ್ಕೆ ಆಡಲಿಲ್ಲ. ಅಲ್ಲಿನ ಎಲ್ಲಕ್ಕಿಂತ ಮೇಲಿನ ಮೊದಲ ಡಿವಿಷನ್ನಿನಲ್ಲಿ ಒಂದು ಮ್ಯಾಚನ್ನೂ ಆಡಲಿಲ್ಲ. ಸಂಬಳ ತೆಗೆದುಕೊಂಡು ಆಡಿದ್ದು ನಾಲ್ಕು ವರ್ಷಕ್ಕಿಂತ ಕಡಿಮೆ. 25ನೇ ವಯಸ್ಸಿಗೆ ಬೂಟು ಬಿಚ್ಚಿಟ್ಟ. 38ನೇ ವಯಸ್ಸಿಗೆ ತೀರಿಕೊಂಡ.

ಇಷ್ಟೇ ಕೇಳಿದರೆ, ಇವನ ಬಗ್ಗೆ ಮುಂಬಯಿಯಲ್ಲಿ ಕನ್ನಡದಲ್ಲಿ ಯಾಕೆ ಮಾತಾಡಬೇಕು ಅನ್ನಿಸುತ್ತದೆ, ಅಲ್ವಾ? ಅವನ ಬಗ್ಗೆ ನನಗೆ ಮೊದಲು ಹೇಳಿದವರು ಯಾರು ಅನ್ನುವುದರಿಂದಲೇ ಶುರು ಮಾಡುತ್ತೇನೆ.

ನನ್ನ ಮಗಳು ಕೆಲಸದ ಮೇಲೆ ಇಂಗ್ಲೆಂಡಿನ ರೆಡಿಂಗ್ ಎಂಬ ಊರಿನಲ್ಲಿದ್ದಾಳೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿದರೆ ರೀಡಿಂಗ್ ಅಂತ ಓದಬೇಕು ಅನ್ನಿಸುತ್ತದೆ, ಆದರೆ ಅಲ್ಲಿನವರು ಹೇಳುವುದು ರೆಡಿಂಗ್. ಲಂಡನ್ನಿನಿಂದ ಪಶ್ಚಿಮಕ್ಕೆ, ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಮಗಳ ಮನೆಗೆ ಹೋಗಿದ್ದಾಗ ಸಂಜೆ ಹತ್ತಿರದ ಪಾರ್ಕಿಗೆ ಹೋಗಿ ಕೂರುತ್ತಿದ್ದೆ. ಅದೇ ಬೆಂಚಿಗೆ ಒಬ್ಬ ಅಜ್ಜ ಬರುತ್ತಿದ್ದರು. ಎಂಬತ್ತರ ಹತ್ತಿರ ವಯಸ್ಸು, ಕೈಯಲ್ಲಿ ಕೋಲು. ನಾನು ಭಾರತದವನು ಅಂತ ಗೊತ್ತಾದ ಮೇಲೆ ಎರಡು ದಿನ ಕ್ರಿಕೆಟ್ ಮಾತಾಡಿದರು. ಮೂರನೇ ದಿನ ನಾನೇ ಹೇಳಿದೆ, ನಾನು ಫುಟ್‌ಬಾಲಿನವನು, ಮುಂಬಯಿಯಲ್ಲಿ ಕೆಳಗಿನ ಡಿವಿಷನ್ನುಗಳಲ್ಲಿ ಬ್ಯಾಂಕಿನ ತಂಡಕ್ಕೆ ಹದಿನಾರು ವರ್ಷ ಆಡಿದ್ದೇನೆ ಅಂತ.

ಅಜ್ಜ ಮಾತು ನಿಲ್ಲಿಸಿದರು. ಕೋಲನ್ನು ಬೆಂಚಿಗೆ ಒರಗಿಸಿದರು. ನಿಧಾನಕ್ಕೆ ಎದ್ದು ನನಗೆ ಮುಖ ಮಾಡಿ ನಿಂತರು. ಆಕಾಶ ನೋಡಿದರು. ಬಲಗೈಯಿಂದ ಎದೆಯನ್ನು ಒಂದು ಸಲ ತಟ್ಟಿಕೊಂಡರು. ಆಮೇಲೆ ಆ ವಯಸ್ಸಿನಲ್ಲಿ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಹಿಂದಕ್ಕೆ ತಿರುಗಿದರು. ದೂರದ ಒಂದು ಮರದ ತುದಿಯನ್ನು ಬೆರಳಿನಿಂದ ತೋರಿಸಿ ಅಲ್ಲೇ ನಿಂತುಬಿಟ್ಟರು. ಕಣ್ಣಲ್ಲಿ ನೀರು. "ನಾನು ಅಲ್ಲಿದ್ದೆ" ಎಂದರು. ಅಷ್ಟೇ ಅವರ ವಿವರಣೆ.

ಅವರು ತೋರಿಸಿದ್ದು 1976ರ ಮಾರ್ಚ್ 31, ಬುಧವಾರ ರಾಬಿನ್ ಫ್ರೈಡೇ ಹೊಡೆದ ಗೋಲನ್ನು. ಆ ಗೋಲಿನ ಫಿಲ್ಮ್ ಇಲ್ಲ. ನಾಲ್ಕನೇ ಡಿವಿಷನ್ನಿನ ವಾರದ ನಡುವಿನ ಮ್ಯಾಚಿಗೆ ಕ್ಯಾಮೆರಾ ಹೊತ್ತುಕೊಂಡು ಯಾರು ಬರುತ್ತಾರೆ? ಆ ಗೋಲು ಉಳಿದಿರುವುದು ಕಂಡವರ ಮೈಯಲ್ಲಿ ಮಾತ್ರ.

ಮನೆಗೆ ಬಂದು ಮಗಳ ಹತ್ತಿರ ಅವನ ಹೆಸರು ಹೇಳಿ ಹುಡುಕಿಸಿದೆ. ಸಿಕ್ಕಿದ್ದೆಲ್ಲ ಬೇರೆಯೇ. ಕುಡಿತ, ಡ್ರಗ್ಸ್, ಜೈಲು, ಜಗಳ. ಅವು ಸುಳ್ಳಲ್ಲ, ನಾನು ಮುಚ್ಚಿಡುವುದೂ ಇಲ್ಲ. ಆದರೆ ಅಜ್ಜ ಎದ್ದು ನಿಂತು ತೋರಿಸಿದ್ದು ಕುಡಿತವನ್ನಲ್ಲ. ಅರ್ಧ ಶತಮಾನದ ಹತ್ತಿರ ಅವರು ಮೈಯಲ್ಲಿ ಇಟ್ಟುಕೊಂಡಿದ್ದು ಎದೆ, ತಿರುವು, ಕಾಲು. ಫ್ರೈಡೇ ಬಗ್ಗೆ ಬರೆಯುವವರು ಅವನ ರಾತ್ರಿಗಳ ಬಗ್ಗೆ ಬರೆಯುತ್ತಾರೆ, ನೋಡಿದವರು ಅವನ ಕಾಲಿನ ಬಗ್ಗೆ ಹೇಳುತ್ತಾರೆ. ನಾನು ಇವತ್ತು ನೋಡಿದವರ ಕಡೆ ನಿಲ್ಲುತ್ತೇನೆ.

ಅವನು ಹುಟ್ಟಿದ್ದು 1952ರ ಜುಲೈ 27, ಪಶ್ಚಿಮ ಲಂಡನ್ನಿನ ಆಕ್ಟನ್‌ನಲ್ಲಿ. ಜೊತೆಗೆ ಹುಟ್ಟಿದ ಅವಳಿ ಸೋದರ ಟೋನಿ. ದುಡಿದು ತಿನ್ನುವ ಕುಟುಂಬ. ಹುಡುಗನಾಗಿದ್ದಾಗಲೇ ಕ್ರಿಸ್ಟಲ್ ಪ್ಯಾಲೇಸ್, ಕ್ವೀನ್ಸ್ ಪಾರ್ಕ್ ರೇಂಜರ್ಸ್, ಚೆಲ್ಸಿ, ಮೂರು ಕ್ಲಬ್ಬಿನವರೂ ಅವನನ್ನು ಕರೆದು ನೋಡಿದರು. ಮೂವರೂ ಇಟ್ಟುಕೊಳ್ಳಲಿಲ್ಲ. ಹೇಳಿದ ಮಾತು ಕೇಳುವ ಹುಡುಗ ಅವನಲ್ಲ. ಹದಿನೈದಕ್ಕೆ ಶಾಲೆ ಬಿಟ್ಟ, ಡ್ರಗ್ಸ್ ಹಿಡಿಯಿತು, ಕಳ್ಳತನ, ಹದಿನಾರಕ್ಕೆ ಫೆಲ್ಥಮ್‌ನ ಬಾಲಾಪರಾಧಿಗಳ ಜೈಲು. ಅಲ್ಲೂ ಚೆಂಡು ಬಿಡಲಿಲ್ಲ.

ಹೊರಗೆ ಬಂದ ಮೇಲೆ ಹಗಲು ರಸ್ತೆಗೆ, ಛಾವಣಿಗೆ ಡಾಂಬರು ಹಾಕುವ ಕೆಲಸ. ಸಂಜೆ ಮತ್ತು ಶನಿವಾರ ವಾಲ್ತಮ್‌ಸ್ಟೋ ಅವೆನ್ಯೂ, ಆಮೇಲೆ ಹೇಯ್ಸ್ ಎಂಬ ಸಣ್ಣ ಕ್ಲಬ್ಬುಗಳಲ್ಲಿ ಆಟ. ಇವು ಲೀಗಿನ ಹೊರಗಿನ ಹವ್ಯಾಸಿ ಕ್ಲಬ್ಬುಗಳು. 1972ರಲ್ಲಿ ಕೆಲಸದ ಜಾಗದಲ್ಲಿ ಅಟ್ಟಣಿಗೆಯಿಂದ ಕೆಳಗೆ ಬಿದ್ದ. ಕೆಳಗಿದ್ದ ಕಬ್ಬಿಣದ ಮೊನೆ ಹಿಂಬದಿಯಿಂದ ಹೊಕ್ಕು ಹೊಟ್ಟೆಯವರೆಗೆ ಹೋಯಿತು. ಶ್ವಾಸಕೋಶಕ್ಕೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ತಾನೇ ಎಳೆದುಕೊಂಡು ಬಿಡಿಸಿಕೊಂಡನಂತೆ. ಕೆಲವೇ ತಿಂಗಳಲ್ಲಿ ಮತ್ತೆ ಮೈದಾನದಲ್ಲಿದ್ದ. ಆ ವರ್ಷದ ಡಿಸೆಂಬರಿನಲ್ಲಿ, ಸಣ್ಣ ದೊಡ್ಡ ಕ್ಲಬ್ಬುಗಳೆಲ್ಲ ಸೇರಿ ಆಡುವ ಎಫ್‌ಎ ಕಪ್ಪಿನಲ್ಲಿ ಹೇಯ್ಸ್ ತಂಡಕ್ಕೆ ರೆಡಿಂಗ್ ಎದುರಾಯಿತು. ಮೊದಲ ಮ್ಯಾಚ್ ಸೊನ್ನೆ-ಸೊನ್ನೆ, ಮರುಪಂದ್ಯದಲ್ಲಿ ರೆಡಿಂಗ್ ಒಂದು ಗೋಲಿನಿಂದ ಗೆದ್ದಿತು. ರೆಡಿಂಗ್ ಮ್ಯಾನೇಜರ್ ಚಾರ್ಲಿ ಹರ್ಲಿ ಆ ಉದ್ದ ಕೂದಲಿನ ಹುಡುಗನನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡರು.

ಹರ್ಲಿ ಯಾರು ಅಂತ ಹೇಳಬೇಕು. ಐರ್ಲೆಂಡಿನವರು, ಸಂಡರ್‌ಲೆಂಡ್ ತಂಡದ ದೊಡ್ಡ ಸೆಂಟರ್ ಹಾಫ್, ಅಂದರೆ ನಡುವಿನ ಡಿಫೆಂಡರ್. ಬದುಕಿನ ಅರ್ಧ ಭಾಗ, ಗೋಲು ಹೊಡೆಯಲು ಮುಂದೆ ಆಡುವ ಸ್ಟ್ರೈಕರುಗಳ ಬೆನ್ನಿಗೆ ಅಂಟಿಕೊಂಡು ಆಡಿದವರು. ಯಾವ ಸ್ಟ್ರೈಕರ್ ಸುಲಭ, ಯಾವನು ಕಷ್ಟ ಅನ್ನುವುದು ಅಂಥವರಿಗೆ ಮೈಯಿಂದಲೇ ಗೊತ್ತಾಗುತ್ತದೆ. ಬೇರೆಯವರು ಪೊಲೀಸ್ ರೆಕಾರ್ಡು ನೋಡಿ ಹಿಂದೆ ಸರಿದರೆ ಅವರು ಆಟ ನೋಡಿದರು. 1974ರ ಜನವರಿಯಲ್ಲಿ ಫ್ರೈಡೇ ರೆಡಿಂಗ್‌ಗೆ ಬಂದ. ಕೊಟ್ಟ ದುಡ್ಡು 750 ಪೌಂಡು. ತವರಿನ ಮೊದಲ ಮ್ಯಾಚಿನಲ್ಲೇ ಎಕ್ಸೆಟರ್ ವಿರುದ್ಧ ಎರಡು ಗೋಲು.

ಈಗ ಡಿವಿಷನ್ ಅಂದರೆ ಏನು ಅಂತ ಮಕ್ಕಳಿಗೋಸ್ಕರ ಸ್ವಲ್ಪ ಹೇಳುತ್ತೇನೆ. ಆಗ ಇಂಗ್ಲೆಂಡಿನ ಲೀಗಿನಲ್ಲಿ 92 ಕ್ಲಬ್ಬು, ನಾಲ್ಕು ಡಿವಿಷನ್. ನೀವು ಟಿವಿಯಲ್ಲಿ ನೋಡುವ ಪ್ರೀಮಿಯರ್ ಲೀಗ್ ಶುರುವಾದದ್ದು 1992ರಲ್ಲಿ, ಅದಕ್ಕೆ ಮುಂಚೆ ಎಲ್ಲಕ್ಕಿಂತ ಮೇಲಿನದ್ದಕ್ಕೆ ಮೊದಲ ಡಿವಿಷನ್ ಅಂತ ಹೆಸರು. ಎಲ್ಲಕ್ಕಿಂತ ಕೆಳಗೆ ನಾಲ್ಕನೆಯದು. ಅದರಲ್ಲಿ ಮೊದಲ ನಾಲ್ಕು ಸ್ಥಾನ ಬಂದವರು ಮೂರನೆಯದಕ್ಕೆ ಏರುತ್ತಿದ್ದರು. ರೆಡಿಂಗ್ ಇದ್ದದ್ದು ಈ ನಾಲ್ಕನೇ ಮೆಟ್ಟಿಲಿನಲ್ಲಿ.

ನಮ್ಮ ಮುಂಬಯಿಯಲ್ಲೂ ಹೀಗೇ ಅಲ್ವಾ? ಮೇಲೆ ದೊಡ್ಡ ಡಿವಿಷನ್ನುಗಳು, ಕೆಳಗೆ ಫಸ್ಟ್, ಸೆಕೆಂಡ್, ಥರ್ಡ್. ಮೇಲಿನವರಿಗೆ ಕೂಪರೇಜ್ ಕ್ರೀಡಾಂಗಣ ಸಿಗುತ್ತದೆ. ಕೆಳಗಿನವರಿಗೆ ಸಿಕ್ಕಿದ ಮೈದಾನ. ಜುಲೈ ತಿಂಗಳಿನಲ್ಲಿ ಆಜಾದ್ ಮೈದಾನದಲ್ಲಿ ಆಡಿದವರು ಯಾರಾದರೂ ಇದ್ದರೆ ಅವರಿಗೆ ಗೊತ್ತು, ಗೋಲಿನ ಮುಂದೆ ಹುಲ್ಲೇ ಇರುವುದಿಲ್ಲ. ಅದು ಗದ್ದೆ. ಚೆಂಡು ಬಿದ್ದಲ್ಲೇ ಕೂರುತ್ತದೆ.

ಕೆಳಗಿನ ಡಿವಿಷನ್ ಅಂದರೆ ಸುಲಭದ ಆಟ ಅಂದುಕೊಳ್ಳುವವರು ಜಾಸ್ತಿ. ಈ ತಿಳಿವಳಿಕೆ ತಪ್ಪು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಸ್ಟ್ರೈಕರಿನ ಮಟ್ಟಿಗೆ ಅದು ಇನ್ನೂ ಕಷ್ಟ. ಮೇಲಿನ ಡಿವಿಷನ್ನಿನಲ್ಲಿ ನಿನಗೆ ಚೆಂಡು ಕೊಡುವವನೂ ಒಳ್ಳೆಯ ಆಟಗಾರ. ಕಾಲಿಗೆ ಬೇಕಾದ ಕಡೆ, ಬೇಕಾದ ವೇಗದಲ್ಲಿ ಕೊಡುತ್ತಾನೆ. ಕೆಳಗೆ ಹಾಗಲ್ಲ. ಹಿಂದಿನಿಂದ ಬ್ಯಾಕ್, ಅಂದರೆ ಡಿಫೆಂಡರ್ ಒಬ್ಬ ಕಣ್ಣು ಮುಚ್ಚಿ ಎತ್ತಿ ಹೊಡೆಯುತ್ತಾನೆ. ಚೆಂಡು ಮೋಡದಿಂದ ಇಳಿದು ಬರುತ್ತದೆ. ಬೆನ್ನ ಹಿಂದೆ ಎದುರು ತಂಡದ ತೊಂಬತ್ತು ಕಿಲೋದ ಸ್ಟಾಪರ್, ಅವನೂ ಡಿಫೆಂಡರೇ. ಅವನ ಮೊಣಕಾಲು ನಿನ್ನ ತೊಡೆಯ ಹಿಂಭಾಗದಲ್ಲಿ, ಮೊಣಕೈ ನಿನ್ನ ಪಕ್ಕೆಲುಬಿನಲ್ಲಿ. ರೆಫರಿ ಮೂವತ್ತು ಗಜ ದೂರದಲ್ಲಿ ಕೆಸರಲ್ಲಿ ಓಡುತ್ತಿರುತ್ತಾನೆ. ಆ ಚೆಂಡನ್ನು ಒಂದೇ ಮುಟ್ಟಿನಲ್ಲಿ ಸುಮ್ಮನಾಗಿಸಬೇಕು. ಎರಡನೇ ಮುಟ್ಟಿಗೆ ಸಮಯ ಇರುವುದಿಲ್ಲ, ಅಷ್ಟರಲ್ಲಿ ಕಾಲೇ ಹೋಗಿರುತ್ತದೆ.

ಫ್ರೈಡೇ ಇದನ್ನು ಪ್ರತಿ ವಾರ ಮಾಡುತ್ತಿದ್ದ. ಮೊಣಕಾಲಿನ ಕೆಳಗೆ ಕಟ್ಟುವ ರಕ್ಷೆ, ಶಿನ್ ಗಾರ್ಡ್, ಕಟ್ಟಲು ಒಪ್ಪುತ್ತಿರಲಿಲ್ಲ. ಆಗ ಅದು ಕಡ್ಡಾಯವೂ ಅಲ್ಲ, ನಿಯಮ ಬಂದದ್ದು 1990ರಲ್ಲಿ. ಬರಿಗಾಲಿನಂತಿದ್ದ ಮುಂಗಾಲಿಗೆ ಒದೆಸಿಕೊಂಡು ಎದ್ದು ಮತ್ತೆ ಅದೇ ಬ್ಯಾಕಿನ ಎದುರಿಗೇ ಚೆಂಡು ಒಯ್ಯುತ್ತಿದ್ದ. ಗೋಲಿನ ಮುಂದೆ ಸುಮ್ನೆ ಕಾಯುತ್ತ ನಿಲ್ಲುವ ಸ್ಟ್ರೈಕರ್ ಅಲ್ಲ. ನಡುಭಾಗಕ್ಕೆ ಇಳಿದು ಬಂದು ಚೆಂಡು ತೆಗೆದುಕೊಳ್ಳುತ್ತಿದ್ದ, ಬೆನ್ನು ಅಡ್ಡ ಕೊಟ್ಟು ಕಾಯುತ್ತಿದ್ದ, ಜೊತೆಯವರು ಮುಂದೆ ಬರುವವರೆಗೆ ಬಿಟ್ಟುಕೊಡುತ್ತಿರಲಿಲ್ಲ. ಇಬ್ಬರು ಮೂವರನ್ನು ಡಾಡ್ಜ್ ಮಾಡುತ್ತಿದ್ದ. ಚೆಂಡು ಕಳೆದುಕೊಂಡರೆ ಹಿಂದೆ ಓಡಿ ಕಿತ್ತುಕೊಳ್ಳುತ್ತಿದ್ದ. ಟ್ರೈನಿಂಗಿನ ಮೊದಲ ದಿನವೇ ಜೊತೆಯ ಹಳಬರನ್ನೇ ಒದ್ದು ಒದ್ದು ಬೀಳಿಸಿದ್ದರಿಂದ ಹರ್ಲಿ ಅವನನ್ನು ಹೊರಗೆ ಕಳಿಸಬೇಕಾಯಿತು. ಟ್ರೈನಿಂಗು, ಮ್ಯಾಚು ಎಂಬ ವ್ಯತ್ಯಾಸ ಅವನಿಗೆ ಗೊತ್ತಿರಲಿಲ್ಲ.

ರೆಡಿಂಗ್‌ಗೆ ಲೀಗಿನಲ್ಲಿ 121 ಮ್ಯಾಚ್, 46 ಗೋಲು. ಸುಮಾರು ಎರಡೂವರೆ ಮ್ಯಾಚಿಗೆ ಒಂದು. ಒಳ್ಳೆಯ ಲೆಕ್ಕವೇ. ಆದರೆ ಇದಕ್ಕಿಂತ ಜಾಸ್ತಿ ಗೋಲು ಹೊಡೆದ ಕೆಳಗಿನ ಡಿವಿಷನ್ನಿನ ಸ್ಟ್ರೈಕರುಗಳು ಬೇಕಾದಷ್ಟು ಇದ್ದಾರೆ. ಅವರ ಗೋಲನ್ನು ಯಾರೂ ಪಾರ್ಕಿನಲ್ಲಿ ಎದ್ದು ನಿಂತು ತೋರಿಸುವುದಿಲ್ಲ.

ಈಗ ಆ ಬುಧವಾರಕ್ಕೆ ಬರುತ್ತೇನೆ.

1975-76ರ ಸೀಸನ್. ರೆಡಿಂಗ್‌ನ ಮೈದಾನದ ಹೆಸರು ಎಲ್ಮ್ ಪಾರ್ಕ್, ಮನೆಗಳ ಸಾಲಿನ ನಡುವೆ ಇದ್ದ ಹಳೇ ಮೈದಾನ. ಎದುರಾಳಿ ಟ್ರಾನ್‌ಮಿಯರ್ ರೋವರ್ಸ್. ಇವರು ಯಾರೋ ಸೋತು ಸುಣ್ಣವಾದ ತಂಡ ಅಲ್ಲ. ಆ ವರ್ಷ ಲಿಂಕನ್ ಮೊದಲು, ನಾರ್ತಾಂಪ್ಟನ್ ಎರಡನೆಯದು, ರೆಡಿಂಗ್ ಮೂರು, ನಾಲ್ಕನೆಯದು ಇದೇ ಟ್ರಾನ್‌ಮಿಯರ್. ಅಂದರೆ ಮೇಲೇರಲು ಪೈಪೋಟಿ ನಡೆಸುತ್ತಿದ್ದ ಎರಡು ತಂಡ. ರೆಡಿಂಗ್ 5-0 ಗೆದ್ದಿತು. ರೆಫರಿ ಕ್ಲೈವ್ ಥಾಮಸ್. ವೇಲ್ಸಿನವರು, 1974ರ ವಿಶ್ವಕಪ್ಪಿನಲ್ಲಿ ಸೀಟಿ ಊದಿ ಬಂದವರು.

ಮೈಕಿನಿಂದ ಸ್ವಲ್ಪ ಈಚೆ ಬರುತ್ತೇನೆ. ಹಿಂದೆ ಕೂತವರಿಗೂ ಕಾಣಲಿ.

ಗೋಲು ನನ್ನ ಬೆನ್ನ ಹಿಂದೆ ಇದೆ. ದೂರ ಅಂದರೆ ದೂರ, ಪೆನಾಲ್ಟಿ ಬಾಕ್ಸಿನಿಂದ ಚೆನ್ನಾಗಿಯೇ ಹೊರಗೆ. ಅಲ್ಲಿಂದ ಯಾರೂ ಗೋಲಿಗೆ ಹೊಡೆಯುವುದಿಲ್ಲ, ಬ್ಯಾಕುಗಳೂ ಅದನ್ನು ನಿರೀಕ್ಷೆ ಮಾಡುವುದಿಲ್ಲ. ಎತ್ತರದಿಂದ ಉದ್ದದ ಪಾಸ್ ಬರುತ್ತಿದೆ. ನನ್ನ ಮುಖ ನಮ್ಮ ಗೋಲಿಯ, ಅಂದರೆ ಗೋಲ್‌ಕೀಪರಿನ ಕಡೆಗಿದೆ, ಅವರ ಗೋಲಿಯ ಕಡೆಗಲ್ಲ. ಚೆಂಡು ಎದೆಗೆ. ಸಾಮಾನ್ಯ ಸ್ಟ್ರೈಕರ್ ಏನು ಮಾಡುತ್ತಾನೆ? ಎದೆಯಿಂದ ನೆಲಕ್ಕೆ ಇಳಿಸುತ್ತಾನೆ, ಕಾಲಲ್ಲಿ ಹಿಡಿಯುತ್ತಾನೆ, ಜೊತೆಯವನಿಗೆ ಹಿಂದಕ್ಕೆ ಕೊಡುತ್ತಾನೆ. ನಾನು ಹದಿನಾರು ವರ್ಷ ಮಾಡಿದ್ದೂ ಅದನ್ನೇ. ಫ್ರೈಡೇ ಎದೆಯಲ್ಲಿ ತೆಗೆದುಕೊಂಡು, ಹಾಗೇ ತಿರುಗಿ, ಚೆಂಡು ಗಾಳಿಯಲ್ಲಿರುವಾಗಲೇ ಹೊಡೆದ. ಗೋಲಿನ ಮೂಲೆ, ಮೇಲಿನ ಮೂಲೆ. ಗೋಲಿ ನಿಂತಲ್ಲೇ.

ಹೊಡೆಯುವ ಮೊದಲು ಅವನು ಗೋಲನ್ನು ನೋಡಿರಲಿಲ್ಲ. ಅದು ಎಲ್ಲಿದೆ ಅಂತ ಬೆನ್ನಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಕತ್ತಲಲ್ಲೂ ನಮ್ಮ ಅಮ್ಮಂದಿರ ಕೈ ಸಾಸಿವೆ ಡಬ್ಬಿಗೆ ನೇರವಾಗಿ ಹೋಗುತ್ತದಲ್ಲ, ಹಾಗೆ.

ಕ್ಲೈವ್ ಥಾಮಸ್ ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು ನಿಂತುಬಿಟ್ಟರು. ಮ್ಯಾಚ್ ಮುಗಿದ ಮೇಲೆ ಅವನ ಹತ್ತಿರ ಹೋಗಿ, ನಾನು ನೋಡಿದ ಗೋಲುಗಳಲ್ಲೇ ಇದು ಎಲ್ಲಕ್ಕಿಂತ ದೊಡ್ಡದು ಎಂದರು. ಪೆಲೆ, ಕ್ರಾಯಿಫ್ ಅಂಥ ದೊಡ್ಡ ಆಟಗಾರರನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಆ ಮಾತು ಹೇಳಿದ್ದು. ಅದಕ್ಕೆ ಫ್ರೈಡೇ, ಹೌದಾ, ಹಾಗಾದರೆ ಇಲ್ಲಿಗೆ ಆಗಾಗ ಬನ್ನಿ, ನಾನು ಇದನ್ನು ವಾರ ವಾರ ಮಾಡುತ್ತೇನೆ ಎಂದನಂತೆ. ಇದನ್ನು ಜಂಬದ ಮಾತು ಅಂತ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವಾರ ವಾರವೂ ಮಾಡುತ್ತಿದ್ದ, ನೋಡುವವರು ಬರುತ್ತಿರಲಿಲ್ಲ, ಅಷ್ಟೇ. ಆ ಸೀಸನ್ನಿನ ಕೊನೆಗೆ ರೆಡಿಂಗ್ ಮೂರನೇ ಡಿವಿಷನ್ನಿಗೆ ಏರಿತು.

ಇಲ್ಲಿ ನಾನು ಸ್ವಲ್ಪ ನಮ್ಮ ಊರಿಗೆ ಬರಲೇಬೇಕು. ಅಜ್ಜ ಆ ಮರದ ತುದಿಯನ್ನು ತೋರಿಸಿದಾಗ ನನ್ನ ಕಣ್ಣಿಗೆ ಬಂದದ್ದು ರಾಬಿನ್ ಫ್ರೈಡೇ ಅಲ್ಲ. ನಾನು ಅವನನ್ನು ಕಂಡೇ ಇಲ್ಲವಲ್ಲ. ಬಂದದ್ದು ನಮ್ಮ ಅಣ್ಣ.

1978ರಲ್ಲಿ ನಾನು ಕುಂದಾಪುರ ಕಡೆಯಿಂದ ಮುಂಬಯಿಗೆ ಬಂದಾಗ ಕೋಟೆ ಭಾಗದ, ಅಂದರೆ ಫೋರ್ಟಿನ, ಒಂದು ಉಡುಪಿ ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸ. ಸಂಜೆ ಕನ್ನಡ ರಾತ್ರಿ ಶಾಲೆ. ಅದೇ ಹೋಟೆಲಿನಲ್ಲಿ ಅಣ್ಣ ಸಪ್ಲೈಯರ್. ನನಗಿಂತ ಆರು ವರ್ಷ ದೊಡ್ಡವನು. ಹೆಸರು ಹೇಳುವುದು ಬೇಡ ಅಂತ ಅವನೇ ಹೇಳಿದ್ದಾನೆ. ಬೆಳಿಗ್ಗೆ ಐದಕ್ಕೆ ಎದ್ದು ಇಡ್ಲಿ ಹೊತ್ತಿನಿಂದ ಊಟದ ಹೊತ್ತಿನವರೆಗೆ ನಿಂತೇ ಇರುವುದು. ಮಧ್ಯಾಹ್ನ ಮೂರರಿಂದ ಐದರವರೆಗೆ ಬಿಡುವು. ಎಲ್ಲರೂ ಮಾಳಿಗೆಯಲ್ಲಿ ಚಾಪೆ ಹಾಸಿ ಮಲಗಿದರೆ ಅಣ್ಣ ಆಜಾದ್ ಮೈದಾನಕ್ಕೆ ಹೋಗುತ್ತಿದ್ದ. ನನ್ನನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದ. ಐದು ಗಂಟೆಗೆ ವಾಪಸ್ಸು ಬಂದು ಕಾಲಿನ ಕೆಸರು ತೊಳೆದು, ಬಿಳಿ ಪಂಚೆ ಉಟ್ಟು, ಮತ್ತೆ ಟ್ರೇ ಹಿಡಿಯುವುದು.

ಅವನು ಒಂದು ಕೈಯಲ್ಲಿ ಆರು ಕಾಫಿ ಒಯ್ಯುವುದನ್ನು ನೋಡಬೇಕಿತ್ತು. ಗಿರಾಕಿ ದಿಢೀರ್ ಅಂತ ಕುರ್ಚಿ ಹಿಂದೆ ತಳ್ಳಿದರೆ ಸೊಂಟ ಒಂದು ಕಡೆ, ಟ್ರೇ ಇನ್ನೊಂದು ಕಡೆ. ಒಂದು ಹನಿ ಚೆಲ್ಲುತ್ತಿರಲಿಲ್ಲ. ಮೈದಾನದಲ್ಲೂ ಅದೇ ಸೊಂಟ. ಬ್ಯಾಕ್ ಒಬ್ಬ ಎಡಕ್ಕೆ ಬಿದ್ದಿರುತ್ತಿದ್ದ, ಅಣ್ಣ ಬಲದಿಂದ ಹೋಗಿರುತ್ತಿದ್ದ. ಥರ್ಡ್ ಡಿವಿಷನ್ನಿನ ಒಂದು ಸಣ್ಣ ತಂಡಕ್ಕೆ ಆಡುತ್ತಿದ್ದ. ಬೂಟು ಬೇರೆಯವರದ್ದು, ಒಂದು ನಂಬರು ದೊಡ್ಡದು, ತುದಿಗೆ ಬಟ್ಟೆ ತುರುಕುತ್ತಿದ್ದ. ಒಂದು ಮಳೆಗಾಲ ನಾನೇ ಕಣ್ಣಾರೆ ನೋಡಿದ್ದೇನೆ. ಕೆಸರಿನಲ್ಲಿ ಎಲ್ಲರ ಕಾಲೂ ಹೂತು ಹೋಗಿದ್ದಾಗ ಅಣ್ಣ ಚೆಂಡನ್ನು ನೆಲಕ್ಕೆ ಬಿಡಲೇ ಇಲ್ಲ. ತೊಡೆ, ಎದೆ, ಮತ್ತೆ ತೊಡೆ. ನೆಲ ಕೆಟ್ಟಿದ್ದರೆ ನೆಲದ ಸಹವಾಸವೇ ಬೇಡ ಅನ್ನುವ ಹಾಗೆ ಮೂವರನ್ನು ದಾಟಿ ಹೋದ. ನೋಡುತ್ತಿದ್ದವರು ಹದಿನೈದು ಇಪ್ಪತ್ತು ಜನ. ಅದರಲ್ಲಿ ಅರ್ಧ ಜನ ಮಳೆಗೆ ಮರದ ಕೆಳಗೆ ನಿಂತವರು.

ಮುಂಬಯಿಯಲ್ಲಿ ಆಗ ಫುಟ್‌ಬಾಲ್ ಅಂದರೆ ನೌಕರಿ. ರೈಲ್ವೆ, ಬ್ಯಾಂಕು, ಮಿಲ್ಲು, ಕಾರ್ಖಾನೆ, ಎಲ್ಲರಿಗೂ ತಂಡ ಇತ್ತು. ಆಟ ಚೆನ್ನಾಗಿದ್ದರೆ ಕೆಲಸ, ಕ್ವಾರ್ಟರ್ಸ್, ಪಿಂಚಣಿ. ಅಣ್ಣನ ಆಟ ನೋಡಿ ಒಂದು ಕಂಪನಿಯ ತಂಡದವರು ಟ್ರಯಲ್‌ಗೆ ಬರಲು ಹೇಳಿದರು. ಟ್ರಯಲ್ ಭಾನುವಾರ ಬೆಳಿಗ್ಗೆ. ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಅಂದರೆ ನಿಮಗೆ ಗೊತ್ತು, ಬಾಗಿಲ ಹೊರಗೆ ಸಾಲು. ಗಲ್ಲಾದ ಮೇಲಿದ್ದವರು ರಜೆ ಕೊಡಲಿಲ್ಲ. ಅಣ್ಣ ಕೇಳಿದ್ದೂ ಒಂದೇ ಸಲ. ಊರಿನಲ್ಲಿ ಮದುವೆಗೆ ಇಬ್ಬರು ತಂಗಿಯರಿದ್ದರು, ಕೆಲಸ ಬಿಟ್ಟು ಹೋಗುವ ಧೈರ್ಯ ಅವನಿಗೆ ಬರಲಿಲ್ಲ. ಆ ಭಾನುವಾರ ಅವನು ಹನ್ನೊಂದರವರೆಗೆ ಮಸಾಲೆ ದೋಸೆ ಕೊಡುತ್ತಿದ್ದ. ನಾನು ಗ್ಲಾಸು ತೊಳೆಯುತ್ತ ಅವನ ಮುಖ ನೋಡುತ್ತಿದ್ದೆ. ಅದು ಇವತ್ತಿಗೂ ನನಗೆ ಹೊಟ್ಟೆಯಲ್ಲಿ ಉರಿಯುತ್ತದೆ.

ಇಬ್ಬರನ್ನು ಹೋಲಿಸಿ ಸಮ ಅಂತ ಹೇಳುವುದಿಲ್ಲ. ಫ್ರೈಡೇಗೆ ಅವಕಾಶ ಸಿಕ್ಕಿತ್ತು, ಒಂದಲ್ಲ ಹಲವು ಸಲ. ಅವನು ಕೈಯಾರೆ ಬಿಟ್ಟ. ಅಣ್ಣನಿಗೆ ಎರಡು ಗಂಟೆಯ ರಜೆ ಸಿಗಲಿಲ್ಲ. ಕೆಳಗೆ ಉಳಿಯುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಲೀಗಿನ ಪಟ್ಟಿಯಲ್ಲಿ ಕಾಣುವುದು ಡಿವಿಷನ್ ಮಾತ್ರ, ಕಾರಣ ಕಾಣುವುದಿಲ್ಲ. ಆಟ ಬರದೇ ಇರುವುದು ಆ ಕಾರಣ ಅಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಇದೇ ಮುಂಬಯಿಗೆ ಬಂದು ರೋವರ್ಸ್ ಕಪ್ ಎಂಬ ಫುಟ್‌ಬಾಲ್ ಟೂರ್ನಿ ಗೆದ್ದಿತ್ತು, 1938ರಲ್ಲಿ ಮತ್ತೆ. 1891ರಲ್ಲಿ ಶುರುವಾದ ಆ ಕಪ್ಪನ್ನು ಅಲ್ಲಿಯವರೆಗೆ ಬ್ರಿಟಿಷ್ ಸೇನೆಯ ತಂಡಗಳು ಒಯ್ಯುತ್ತಿದ್ದವು. ನಮ್ಮ ನಾಡಿನ ಕಾಲುಗಳಿಗೆ ಆಟ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಈ ಎರಡು ಇಸವಿ ಹೇಳುತ್ತೇನೆ.

ಮತ್ತೆ ಫ್ರೈಡೇಗೆ. 1976ರ ಡಿಸೆಂಬರ್ ಕೊನೆಗೆ ರೆಡಿಂಗ್ ಅವನನ್ನು ಎರಡನೇ ಡಿವಿಷನ್ನಿನ ಕಾರ್ಡಿಫ್ ಸಿಟಿಗೆ 30,000 ಪೌಂಡಿಗೆ ಮಾರಿತು. 750 ಪೌಂಡಿಗೆ ಬಂದವನು. ಆದರೂ ಅವನ ಕಾಲಿನ ಬೆಲೆ ಅದಕ್ಕಿಂತ ತುಂಬಾ ಜಾಸ್ತಿ ಇತ್ತು. ಕಡಿಮೆ ಮಾಡಿದ್ದು ಅವನ ರಾತ್ರಿಗಳು. ಕಾರ್ಡಿಫ್ ಸ್ಟೇಷನ್ನಿಗೆ ಬಂದಿಳಿದಾಗ ಕೈಯಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ಮಾತ್ರ. ಪೊಲೀಸರು ಹಿಡಿದುಕೊಂಡರು, ಮ್ಯಾನೇಜರ್ ಹೋಗಿ ಬಿಡಿಸಿಕೊಂಡು ಬಂದರು.

1977ರ ಹೊಸ ವರ್ಷದ ದಿನ ಅವನ ಮೊದಲ ಮ್ಯಾಚ್. ಎದುರಾಳಿ ಫುಲಮ್. ಫುಲಮ್‌ನ ಡಿಫೆನ್ಸಿನಲ್ಲಿ ಯಾರಿದ್ದರು ಗೊತ್ತಾ? ಬಾಬಿ ಮೂರ್. 1966ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಎತ್ತಿ ಹಿಡಿದ ಕ್ಯಾಪ್ಟನ್. ವಯಸ್ಸಾಗಿತ್ತು, ನಿಜ. ಆದರೂ ಆಟ ಓದುವುದರಲ್ಲಿ ಅವರಂಥ ಡಿಫೆಂಡರ್ ಕಡಿಮೆ. ಕಾರ್ಡಿಫ್ 3-0 ಗೆದ್ದಿತು, ಎರಡು ಗೋಲು ಫ್ರೈಡೇದು. ಹತ್ತು ತಿಂಗಳ ಹಿಂದೆ ನಾಲ್ಕನೇ ಡಿವಿಷನ್ನಿನ ಕೆಸರಿನಲ್ಲಿದ್ದವನು. ಆ ಕೌಶಲ ಬರೀ ಕೆಳಗಿನ ತಂಡಗಳ ಮೇಲೆ ನಡೆಯುವಂಥದ್ದು ಅಂತ ಹೇಳುವವರಿಗೆ ಈ ಒಂದು ಮಧ್ಯಾಹ್ನ ಸಾಕು.

ಆದರೆ ಅಲ್ಲಿಂದ ಮುಂದೆ ಇಳಿಜಾರು. ಏಪ್ರಿಲಿನಲ್ಲಿ ಲೂಟನ್ ವಿರುದ್ಧ ಗೋಲು ಹೊಡೆದು ಗೋಲಿಯ ಕಡೆಗೆ ಎರಡು ಬೆರಳು ತೋರಿಸಿದ. ಅಲ್ಲಿ ಅದು ಕೆಟ್ಟ ಸನ್ನೆ. ಆ ಕ್ಷಣಕ್ಕೆ ಒಬ್ಬ ಫೋಟೋಗ್ರಾಫರ್ ಇದ್ದರು. ಫ್ರೈಡೇಯ ಚಿತ್ರ ಅಂದರೆ ಇವತ್ತಿಗೂ ಎಲ್ಲ ಕಡೆ ಅದೇ. ನನಗೆ ಇದು ತುಂಬಾ ನೋವು ಕೊಡುವ ವಿಷಯ. ಕ್ಯಾಮೆರಾಕ್ಕೆ ಸಿಕ್ಕಿದ್ದು ಆ ಎರಡು ಬೆರಳು, ಸಿಗದೆ ಹೋದದ್ದು ಟ್ರಾನ್‌ಮಿಯರ್ ಗೋಲು.

ಆ ಬೇಸಿಗೆಯಲ್ಲಿ ಏನೋ ಕಾಯಿಲೆ ಬಂದು ತೂಕ ಇಳಿದುಹೋಯಿತು. ಅಕ್ಟೋಬರ್ ಕೊನೆಗೆ ಬ್ರೈಟನ್ ವಿರುದ್ಧ ವಾಪಸ್ಸು ಬಂದ. ತನ್ನ ಬೆನ್ನಿಗೆ ಅಂಟಿಕೊಂಡಿದ್ದ ಡಿಫೆಂಡರ್ ಮಾರ್ಕ್ ಲಾರೆನ್ಸನ್‌ಗೆ ಒದ್ದ. ರೆಫರಿ ಹೊರಗೆ ಕಳಿಸಿದರು. ಡಿಸೆಂಬರಿನಲ್ಲಿ ಸಾಕು ಎಂದು ಆಟ ಬಿಟ್ಟ. ಕಾರ್ಡಿಫ್‌ಗೆ ಲೀಗಿನಲ್ಲಿ ಆಡಿದ್ದು 21 ಮ್ಯಾಚ್, ಹೊಡೆದದ್ದು 6 ಗೋಲು. ಮುಂದೆ ರೆಡಿಂಗ್ ಅಭಿಮಾನಿಗಳು ಸಹಿ ಸಂಗ್ರಹ ಮಾಡಿ ಅವನನ್ನು ವಾಪಸ್ಸು ತನ್ನಿ ಎಂದರು. ಅಷ್ಟರಲ್ಲಿ ಮ್ಯಾನೇಜರ್ ಆಗಿದ್ದ ಮಾರಿಸ್ ಇವಾನ್ಸ್, ಮೂರು ನಾಲ್ಕು ವರ್ಷ ಸರಿಯಾಗಿ ಇದ್ದರೆ ನೀನು ಇಂಗ್ಲೆಂಡಿಗೇ ಆಡಬಹುದು ಎಂದರು. ನಿಮ್ಮ ಅರ್ಧ ವಯಸ್ಸು ನನಗೆ, ಬದುಕಿದ್ದು ನಿಮ್ಮ ಎರಡರಷ್ಟು ಎಂದು ಅವನ ಉತ್ತರ. ಈ ಮಾತನ್ನು ಮೆಚ್ಚಿ ಹೇಳುವವರು ಬಹಳ. ನಾನು ಮೆಚ್ಚುವುದಿಲ್ಲ. ಮಕ್ಕಳೇ, ನೀವೂ ಮೆಚ್ಚಬೇಡಿ. ಆ ಉತ್ತರ ಕೊಟ್ಟವನು ಮತ್ತೆ ಡಾಂಬರು ಕೆಲಸಕ್ಕೆ ಹೋದ, ಮತ್ತೆ ಜೈಲಿಗೆ ಹೋದ, 1990ರ ಡಿಸೆಂಬರ್ 22ರಂದು ಆಕ್ಟನ್‌ನಲ್ಲಿ ತೀರಿಕೊಂಡ. ಅವನ ಕಾಲನ್ನು ಪ್ರೀತಿಸುವವನಾಗಿ ನನಗೆ ಸಂಕಟ ಆಗುವುದು ಇಲ್ಲಿ. ಆ ಕಾಲು ಇನ್ನೂ ಹತ್ತು ವರ್ಷ ಆಡಬಹುದಿತ್ತು.

1998ರಲ್ಲಿ ಎಲ್ಮ್ ಪಾರ್ಕ್ ಮುಚ್ಚಿತು. ಕ್ಲಬ್ಬು ಊರ ಹೊರಗಿನ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಹಳೇ ಜಾಗದಲ್ಲಿ ಈಗ ಮನೆಗಳು. ನಾನು ಹೋಗಿ ನೋಡಿ ಬಂದೆ. ಸಾಲು ಮನೆ, ಕಾರು, ಒಂದು ಮನೆಯ ಮುಂದೆ ಮಗುವಿನ ಸೈಕಲ್ಲು. ಗೋಲು ಯಾವ ಕಡೆ ಇತ್ತು ಎಂದು ಅಜ್ಜ ಕೋಲಿನಿಂದ ತೋರಿಸಿದರು. ಶತಮಾನ ಮುಗಿಯುವಾಗ ರೆಡಿಂಗ್ ಅಭಿಮಾನಿಗಳು ಕ್ಲಬ್ಬಿನ ಸಹಸ್ರಮಾನದ ಆಟಗಾರ ಎಂದು ಆರಿಸಿದ್ದು ಮೂರು ವರ್ಷ ಮಾತ್ರ ಆಡಿದ ಫ್ರೈಡೇಯನ್ನು.

ಅವತ್ತು ರಾತ್ರಿ ಮಗಳ ಮನೆಯಿಂದ ಊರಿಗೆ ಫೋನ್ ಮಾಡಿದೆ. ಅಣ್ಣ ಈಗ ಕುಂದಾಪುರದ ಹತ್ತಿರ ಇದ್ದಾನೆ, ಸಣ್ಣ ಜೀನಸಿನ ಅಂಗಡಿ. ಅಲ್ಲಿ ಆಗಲೇ ಮಧ್ಯರಾತ್ರಿ ಹತ್ತಿರ, ಆದರೂ ಎತ್ತಿದ. ನಾನು ಫ್ರೈಡೇಯ ಕತೆ ಎಲ್ಲಾ ಹೇಳಿದೆ. ಜೈಲು, ಕಬ್ಬಿಣದ ಮೊನೆ, ಬಾಬಿ ಮೂರ್, ಎಲ್ಲಾ. ಅಣ್ಣ ಹ್ಞೂಂ ಹ್ಞೂಂ ಅನ್ನುತ್ತಿದ್ದ. ಗೋಲಿನ ವಿಷಯ ಬಂದಾಗ ಮಾತ್ರ ತಡೆದ.

"ಎದೆಯಿಂದ ಇಳಿದ ಮೇಲೆ ಚೆಂಡು ನೆಲ ಮುಟ್ಟಿತಾ?" ಎಂದು ಕೇಳಿದ.

ಇಲ್ಲ, ಗಾಳಿಯಲ್ಲೇ ಹೊಡೆದದ್ದು ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಫೋನ್ ಕಟ್ಟಾಯಿತೋ ಅಂದುಕೊಂಡೆ. ಆಮೇಲೆ ಅವನು ಹೇಳಿದ: "ಹಾಗಾದ್ರೆ ಅವನು ಎದೆ ಒಳಗೆ ಎಳ್ಕೊಂಡಿಲ್ಲ ಮಾರಾಯ. ಎದೆ ಒಳಗೆ ಎಳ್ಕೊಂಡ್ರೆ ಚೆಂಡು ಕಾಲಿಗೆ ಬೀಳ್ತದೆ, ತಿರುಗ್ಲಿಕ್ಕೆ ಹೊತ್ತು ಸಿಗೂದಿಲ್ಲ. ಅವನು ಎದೆ ಮುಂದೆ ಕೊಟ್ಟಿದ್ದಾನೆ. ಚೆಂಡನ್ನ ಮೇಲಕ್ಕೆ ಎತ್ತಿದ್ದಾನೆ, ಹೆಗಲ ಮೇಲಿಂದ. ಅದು ಇಳಿಯೋದ್ರೊಳಗೆ ತಿರುಗಿದ್ದಾನೆ."

ಮತ್ತೆ ಅವನೇ, "ನೀನು ಅಲ್ಲಿ ಚೆಂಡು ಸಿಕ್ಕಿದ್ರೆ ಮಾಡಿ ನೋಡು" ಎಂದ. ಹಿಂದಿನಿಂದ ಅತ್ತಿಗೆ ಇಷ್ಟು ಹೊತ್ತಿನಲ್ಲಿ ಯಾರದ್ದು ಅಂತ ಕೇಳುವುದು ಕೇಳಿಸಿತು. ಮುಂಬಯಿಯ ತಮ್ಮನದ್ದು, ಫುಟ್‌ಬಾಲಿನ ವಿಷಯ, ನೀನು ಮಲಗು ಅಂದ ಅಣ್ಣ, ಮತ್ತೆ ನನ್ನ ಹತ್ತಿರ, ಬ್ಯಾಕು ಎಷ್ಟು ದೂರ ಇದ್ದ ಅಂತ ಕೇಳಿದ.